ಗಾಜಿಗೆ ಬಡಿದ ನೀರು

ನಮ್ಮ ದೊಡ್ಡಮ್ಮನಿಗೆ ಹಿಡಿಸುವ ಜನ ಬಹಳ ಕಡಿಮೆ. ಹಿಡಿಸಿದವರಲ್ಲೂ ಹೆಚ್ಚಿನವರು ಯಂತ್ರಕ್ಕೆ ತೋಳು ಕೊಟ್ಟು, ಕಣ್ಣು ಮುಚ್ಚಿ, ಬಾಯಿಯನ್ನೂ ಮುಚ್ಚಿಕೊಂಡು ಮಲಗಿದ್ದ ರೋಗಿಗಳು. ಅಮ್ಮನ ಈ ಅಕ್ಕ ಆಸ್ಪತ್ರೆಯೊಂದರ ಡಯಾಲಿಸಿಸ್ ವಿಭಾಗಕ್ಕೆ ಟೆಕ್ನಿಷಿಯನ್ ಆಗಿ ಸೇರಿ, ಅಲ್ಲೇ ತಲೆ ನರೆಸಿಕೊಂಡು ನಿವೃತ್ತಳಾದವಳು. ರಕ್ತ ಮೈಯಿಂದ ಹೊರಬಂದು, ಕೊಳವೆಗಳಲ್ಲಿ ಸುತ್ತಿ, ಶುದ್ಧವಾಗಿ ಮತ್ತೆ ಮೈ ಸೇರುವವರೆಗೆ ಅದರ ಮೇಲೆ ಕಣ್ಣಿಟ್ಟು ಕೂರುವುದು ಅವಳ ಕೆಲಸ. ಒಂದು ಗಾಳಿಗುಳ್ಳೆ ಒಳಗೆ ಹೋಗಬಾರದು, ಒಂದು ಕೊಳವೆ ಮಡಿಸಿಕೊಳ್ಳಬಾರದು, ಹರಿವು ಒಮ್ಮೆ ಜೋರು ಒಮ್ಮೆ ನಿಧಾನ ಆಗಬಾರದು. ಆ ಕೆಲಸದಲ್ಲಿ ಅವಳ ಕೈ ಪಳಗಿತ್ತು. ನಾಲಿಗೆ ಅದಕ್ಕಿಂತ ಚೆನ್ನಾಗಿ ಪಳಗಿತ್ತು. ಹೊಸ ಡಾಕ್ಟರುಗಳು ಅವಳೆದುರು ಯಂತ್ರದ ಗುಂಡಿ ಮುಟ್ಟುವ ಮುನ್ನ ಅವಳ ಮುಖ ನೋಡುತ್ತಿದ್ದರಂತೆ.

ಬೀಳ್ಕೊಡುವ ದಿನ ವಿಭಾಗದ ಮುಖ್ಯ ಡಾಕ್ಟರು, "ಇನ್ನು ಆರಾಮಾಗಿರಿ ಸಿಸ್ಟರ್. ಕುಂಡದಲ್ಲಿ ನಾಲ್ಕು ಗಿಡ ಬೆಳೆಸಿ, ಮನಸ್ಸಿಗೆ ಹಿತವಾಗಿರತ್ತೆ" ಎಂದರು.

"ನಾನು ಸಿಸ್ಟರ್ ಅಲ್ಲ, ಟೆಕ್ನಿಷಿಯನ್. ಇಷ್ಟು ವರ್ಷ ಆದಮೇಲೂ ನಿಮಗೆ ಅದು ಗೊತ್ತಾಗಿಲ್ಲ" ಎಂದಳು ದೊಡ್ಡಮ್ಮ. "ಇನ್ನು ಗಿಡ. ಅದಕ್ಕೆ ಪಂಪಿಲ್ಲ, ಮೀಟರಿಲ್ಲ, ಅಲಾರಂ ಇಲ್ಲ. ಅದರ ಮುಂದೆ ಕೂತು ನಾನು ನೋಡೋದಾದ್ರೂ ಏನನ್ನ?"

ಎಲ್ಲರೂ ನಕ್ಕರಂತೆ. ಅವಳು ತಮಾಷೆ ಮಾಡಿರಲಿಲ್ಲ.

ಮದುವೆಯನ್ನು ಅವಳು ಆಗಲಿಲ್ಲ. ಯಾಕೆ ಎಂದು ಕೇಳಿದರೆ, "ನಿಮ್ಮಮ್ಮ ಆದಳಲ್ಲ, ನೋಡಿ ಸಾಕಾಯ್ತು" ಎನ್ನುತ್ತಿದ್ದಳು. ಕೆಳಗಿನ ಮನೆಯಲ್ಲಿ ಅವಳು, ಮೇಲಿನ ಮನೆಯಲ್ಲಿ ಅಪ್ಪ, ಅಮ್ಮ, ನಾನು. ಅಪ್ಪ ಟೈರು ಕಂಪನಿಯೊಂದರ ಆಫೀಸಿನಿಂದ ಅವಧಿಗೆ ಮೊದಲೇ ಹೊರಬಿದ್ದು ಮನೆಯಲ್ಲಿದ್ದ. ಕೆಲಸ ಬಿಟ್ಟ ಮೇಲೆ ಅವನಿಗೆ ರಿಪೇರಿಯ ಹುಚ್ಚು ಹಿಡಿದಿತ್ತು. ಅವನ ಕೈಗೆ ಸಿಕ್ಕಿ ಬಂದ ನಮ್ಮ ಮಿಕ್ಸಿ ಸ್ವಿಚ್ಚು ಆರಿಸಿದಾಗ ತಿರುಗುತ್ತಿತ್ತು, ಹಾಕಿದಾಗ ನಿಲ್ಲುತ್ತಿತ್ತು. "ನಿಮ್ಮಪ್ಪನ ಕೈಗೆ ಕೊಟ್ರೆ ಬಿರಡೆ ಹಾಕಿರೋ ಬಾಟ್ಲಿನೂ ಸೋರತ್ತೆ" ಎನ್ನುತ್ತಿದ್ದಳು ದೊಡ್ಡಮ್ಮ, ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ.

ಸಮುದ್ರದ ತೊಟ್ಟಿಯ ಕಥೆ ಶುರುವಾಗಿದ್ದು ಒಂದು ಪೀಠೋಪಕರಣದ ಅಂಗಡಿಯಲ್ಲಿ. ಸೊಂಟಕ್ಕೆ ಆನಿಕೆ ಇರುವ ಕುರ್ಚಿ ಬೇಕೆಂದು ನನ್ನನ್ನು ಕರೆದುಕೊಂಡು ಹೋಗಿದ್ದಳು. ಅಲ್ಲಿ ಬಾಗಿಲ ಪಕ್ಕ ಗಿರಾಕಿಗಳ ಕಣ್ಸೆಳೆಯಲಿ ಎಂದು ಉಪ್ಪುನೀರಿನ ದೊಡ್ಡ ಗಾಜಿನ ತೊಟ್ಟಿಯೊಂದನ್ನು ಇಟ್ಟಿದ್ದರು. ಒಳಗೆ ಕಲ್ಲುಗಳ ಮೇಲೆ ಒಂದಷ್ಟು ಹವಳ, ನಡುವೆ ಮಂಕಾದ ಮೀನುಗಳು. ಕೆಳಗಿನ ಬೀರುವಿನಿಂದ ಯಾರೋ ಗಂಟಲು ಮುಕ್ಕಳಿಸುತ್ತಿರುವ ಹಾಗೆ ಗುಳುಗುಳು ಸದ್ದು. ದೊಡ್ಡಮ್ಮ ಕುರ್ಚಿ ಮರೆತು ಅಲ್ಲೇ ನಿಂತಳು. ಬಗ್ಗಿ ಬೀರುವಿನ ಬಾಗಿಲು ತೆಗೆದೇಬಿಟ್ಟಳು.

"ಇದನ್ನ ಯಾರು ನೋಡ್ಕೋತಾರೆ?" ಎಂದು ಮಾಲೀಕನನ್ನು ಕೇಳಿದಳು.

"ಒಬ್ಬ ತಿಂಗಳಿಗೊಮ್ಮೆ ಬರ್ತಾನೆ ಮೇಡಂ."

"ಬರೋದ್ಯಾಕೆ, ಎಷ್ಟು ಸತ್ತಿವೆ ಅಂತ ಲೆಕ್ಕ ಹಾಕಕ್ಕಾ? ಪೈಪು ಮಡಿಸ್ಕೊಂಡಿದೆ, ಗಾಳಿ ಎಳೀತಿದೆ. ನಮ್ಮ ವಾರ್ಡಲ್ಲಿ ಹೀಗಿದ್ದಿದ್ರೆ ನಿಮ್ಮನ್ನ ಪೊಲೀಸರು ಕರ್ಕೊಂಡು ಹೋಗ್ತಿದ್ರು."

ಕುರ್ಚಿ ಕೊಳ್ಳಲಿಲ್ಲ. ಬಸ್ಸು ಹತ್ತಿ ಮನೆಗೆ ಹೊರಟೆವು. ಇಳಿಯುವ ಹೊತ್ತಿಗೆ, "ನೀರು ಮೇಲಿಂದ ಕೆಳಗೆ ಬರಬೇಕು, ಕೆಳಗಿಂದ ಮೇಲೆ ಹೋಗಬೇಕು. ಇಷ್ಟು ಮಾಡಕ್ಕೆ ಬರಲ್ವಾ ಆ ಮುಠ್ಠಾಳರಿಗೆ?" ಎಂದಳು. ಅವಳ ಮನಸ್ಸಿನಲ್ಲಿ ಕೆಲಸ ಆಗಲೇ ಶುರುವಾಗಿದೆ ಎಂದು ನನಗೆ ಗೊತ್ತಾಯಿತು.

ಅವಳ ಹಾಲಿನಲ್ಲಿದ್ದ ದಿವಾನ ನಮ್ಮ ಮನೆಗೆ ಬಂತು. ಅದರ ಜಾಗಕ್ಕೆ ಮಂಚದಷ್ಟು ಉದ್ದದ ಗಾಜಿನ ತೊಟ್ಟಿ ಬಂದು ಕೂತಿತು. ತೊಟ್ಟಿ ಮಾರಿದ ಅಕ್ವೇರಿಯಂ ಅಂಗಡಿಯವನು ಸಣಕಲ ಮನುಷ್ಯ, ಮಾತು ಬಿರುಸು. ಪೈಪಿನ ಕೆಲಸಕ್ಕೂ ತನ್ನ ಜನರೇ ಬರುತ್ತಾರೆ ಎಂದ. "ಆ ಕುರ್ಚಿ ಅಂಗಡಿಗೆ ಬರೋರು ನಿಮ್ಮ ಜನಾನೇ ಏನು?" ಎಂದಳು ದೊಡ್ಡಮ್ಮ. ಅವನು ಹೌದೆಂದ. ಅಲ್ಲಿಗೆ ಆ ಮಾತು ಮುಗಿಯಿತು. ನಮ್ಮ ಬೀದಿಯ ಪ್ಲಂಬರನ್ನು ಕರೆಸಿದಳು. ಅವನ ಮೇಲೂ ನಂಬಿಕೆ ಇದ್ದುದರಿಂದಲ್ಲ. ಅವನು ಕೂಗಿದರೆ ಕೇಳುವ ದೂರದಲ್ಲಿದ್ದ, ಅದಕ್ಕೆ.

ಏರ್ಪಾಡು ಹೀಗಿತ್ತು. ಮೇಲಿನ ತೊಟ್ಟಿಯ ಹಿಂದಿನ ಮೂಲೆಯಲ್ಲಿ ಬಾಚಣಿಗೆಯಂಥ ಹಲ್ಲಿರುವ ಒಂದು ಅಡ್ಡಗೋಡೆ. ತುಂಬಿದ ನೀರು ಆ ಹಲ್ಲುಗಳ ಸಂದಿನಿಂದ ತುಳುಕಿ ಗೂಡಿನೊಳಗೆ ಬಿದ್ದು, ಅಲ್ಲಿಂದ ಪೈಪಿನಲ್ಲಿ ಇಳಿದು, ಕೆಳಗೆ ಬೀರುವಿನೊಳಗಿರುವ ಸಂಪು ಎಂಬ ಇನ್ನೊಂದು ಸಣ್ಣ ತೊಟ್ಟಿಗೆ ಬರಬೇಕು. ಅಲ್ಲಿ ಸೋಸಿಕೊಂಡ ನೀರನ್ನು ಪಂಪು ಮತ್ತೆ ಮೇಲಕ್ಕೆ ದೂಡಬೇಕು. ಇಳಿಯುವುದಕ್ಕೆ ದೊಡ್ಡಮ್ಮ ಎರಡು ಪೈಪು ಹಾಕಿಸಿದಳು. ಒಂದರಲ್ಲಿ ಗಾಳಿಗೆ ಎಡೆಯಿಲ್ಲದ ಹಾಗೆ ಪೂರ್ತಿ ನೀರು, ಅದನ್ನು ಹದಕ್ಕೆ ತರಲು ಗೇಟ್ ವಾಲ್ವು. ಇನ್ನೊಂದು ಖಾಲಿ. ಮೊದಲನೆಯದಕ್ಕೆ ಏನಾದರೂ ಸಿಕ್ಕಿಕೊಂಡರೆ ನೀರು ನೆಲಕ್ಕೆ ಬೀಳದೆ ಇದರೊಳಗೆ ಹೋಗಲಿ ಎಂದು.

ಅಪ್ಪ ಮೆಟ್ಟಿಲಿಳಿದು ಬಂದು ನೋಡಿದ. "ಒಂದು ಪೈಪು ಸುಮ್ನೆ ಖಾಲಿ ಇರತ್ತಾ ಅತ್ತಿಗೆ? ದಂಡ ಅಲ್ವಾ?"

"ಖಾಲಿ ಕೂತಿರೋದೆಲ್ಲ ದಂಡ ಅಲ್ಲ" ಎಂದು ದೊಡ್ಡಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಕೆಲವು ಮಾತ್ರ."

ಪ್ಲಂಬರನ ಬಾಯಲ್ಲಿ ಸದಾ ಇರುತ್ತಿದ್ದ ಮಾತು "ಏನೂ ಆಗಲ್ಲ ಮೇಡಂ." ಪೈಪಿನ ತುದಿ ಒರೆಸದೆ ಸಲ್ಯೂಷನ್ ಬಳಿದು ಒತ್ತಿದಾಗಲೂ ಅದೇ, ವಾಷರನ್ನು ತಿರುಗಾಮುರುಗಾ ಹಾಕಿದಾಗಲೂ ಅದೇ. ಇಡೀ ಸರ್ವೀಸಿನಲ್ಲಿ ಅವಳು ಅತ್ಯಂತ ಹೆಚ್ಚು ದ್ವೇಷಿಸಿದ ಮಾತು ಅದು. ಗೋಡೆಗೆ ಅಂಟಿಸಿ ಎಲ್ಬೋ ಮೇಲೆ ಎಲ್ಬೋ ಕೂರಿಸಲು ಅವನು ಹೊರಟಾಗ ಅವಳು ತಡೆದಳು.

"ಎಲ್ಬೋ ಹಾಕಿದ್ರೆ ನೀಟಾಗಿ ಗೋಡೆ ಪಕ್ಕ ಕೂರತ್ತೆ ಮೇಡಂ."

"ಒಳಗೆ ಹೋಗೋದು ನೀರು, ಗೋಡೆ ಅಲ್ಲ. ಒಂದೊಂದು ಮೂಲೆಗೂ ಅದು ತಲೆ ಚಚ್ಚಿಕೊಂಡು ಸುಸ್ತಾಗತ್ತೆ. ಓರೆಯಾಗಿ ಬಾಗಿಸು."

ಅವನು ಓರೆಯಾಗಿ ಬಾಗಿಸಿದ. ಎಲ್ಲ ಅಂಟಿಸಿ ಮುಗಿಸಿ, ನಲ್ಲಿ ನೀರು ತುಂಬಿಸಿ ಓಡಿಸಿದಾಗ ಅವಳು ಒಂದೊಂದು ಕೀಲಿಗೂ ಟಿಶ್ಯೂ ಕಾಗದ ಸುತ್ತಿದಳು. ಮರುದಿನ ಒಂದರ ಮೇಲೆ ಒದ್ದೆ ಕಲೆ.

"ಅದು ಬೆವರು ಮೇಡಂ, ಏನೂ ಆಗಲ್ಲ."

"ಬೆವರಕ್ಕೆ ಪೈಪೇನು ಪರೀಕ್ಷೆಗೆ ಕೂತಿದೆಯಾ? ಬಿಚ್ಚು."

ಅಂಟಿಸಿದ್ದನ್ನು ಬಿಚ್ಚಲು ಬರುವುದಿಲ್ಲ, ಕತ್ತರಿಸಬೇಕು. ಅವನು ಗೊಣಗುತ್ತಾ ಕತ್ತರಿಸಿ ಹೊಸದು ಹಾಕಿದ. ಆಮೇಲೆ ಅವಳು ಮೇನ್ ಸ್ವಿಚ್ಚು ಆರಿಸಿ ಕರೆಂಟು ಹೋದರೆ ಏನಾಗುತ್ತದೆ ಎಂದು ನೋಡಿದಳು. ಪಂಪು ನಿಂತಿತು. ಮೇಲೆ ಹೋಗಿದ್ದ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಹೀರಿಕೊಂಡು ಬಂದು ಸಂಪು ತುಂಬುತ್ತಾ ಬಂತು. ನೀರನ್ನು ಒಂದೇ ಕಡೆ ಬಿಡುವ ವಾಲ್ವು ಹಾಕಿದರೆ ಸಾಕು ಎಂದ ಪ್ಲಂಬರ್.

"ಉಪ್ಪುನೀರಲ್ಲಿ ಅದರ ನಾಲಿಗೆಗೆ ಕಿಟ್ಟ ಕಟ್ಟತ್ತೆ. ಆ ವಾಲ್ವನ್ನ ನಂಬಿ ಮಲಗೋದೂ ಒಂದೇ, ನಿನ್ನನ್ನ ನಂಬಿ ಮಲಗೋದೂ ಒಂದೇ" ಎಂದು ಅವಳು ತೊಟ್ಟಿಗೆ ನೀರು ತರುವ ಪೈಪಿನ ಬಾಯಿಯನ್ನೇ ಮೇಲಕ್ಕೆತ್ತಿಸಿ, ನೀರಿನ ಮಟ್ಟಕ್ಕಿಂತ ಬೆರಳಗಲ ಕೆಳಗಿರಿಸಿದಳು. ಮತ್ತೆ ಸ್ವಿಚ್ಚು ಆರಿಸಿದಾಗ ನೀರು ಸ್ವಲ್ಪ ಇಳಿಯುತ್ತಲೇ ಪೈಪು ಗಾಳಿ ಎಳೆದುಕೊಂಡು ಸುಮ್ಮನಾಯಿತು. ಸಂಪಿನಲ್ಲಿ ಇನ್ನೂ ಜಾಗವಿತ್ತು. ಗೇಟ್ ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿ ತಿರುಗಿಸಿ ಇಳಿಯುವ ಪೈಪಿನ ಗುಳುಗುಳುವನ್ನೂ ಅಡಗಿಸಿದಳು. ಅಷ್ಟು ನೀರು ಓಡುತ್ತಿದ್ದರೂ ಹಾಲಿನಲ್ಲಿ ಫ್ಯಾನಿನ ಸದ್ದೇ ದೊಡ್ಡದು. ಪ್ಲಂಬರ್ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ.

"ಬೇರೆ ಗಿರಾಕಿಗಳಿಗೆ ತೋರಿಸ್ತೀನಿ ಮೇಡಂ."

"ತೋರಿಸು. ನೀನು ಮಾಡಿದ್ದು ಅಂತ ಮಾತ್ರ ಹೇಳಬೇಡ, ಪಾಪ, ನಂಬಿಬಿಟ್ಟಾರು."

ಉಪ್ಪು ಬೆರೆಸುವುದು, ಅಳೆಯುವುದು ಅವಳಿಗೆ ಆಟ. ಕಲ್ಲು ಜೋಡಿಸಿ, ಮರಳು ಹರಡಿ, ಕಣ್ಣಿಗೆ ಕಾಣದ ಜೀವಾಣುಗಳು ನೆಲೆಯೂರಲಿ ಎಂದು ವಾರಗಟ್ಟಲೆ ಬರೀ ನೀರು ಓಡಿಸಿದಳು. "ಅತ್ತಿಗೆ ಕಲ್ಲು ಸಾಕ್ತಿದಾರೆ, ಹೊಟ್ಟೆಗೆ ಏನು ಹಾಕ್ತಾರೋ" ಎಂದು ಅಪ್ಪ ಮೇಲೆ ಕೂತು ನಗುತ್ತಿದ್ದ. ಕೊನೆಗೆ ಮೀನು ಬಂದವು, ಆಮೇಲೆ ಹವಳ. ಬೆರಳುಗಳ ಗೊಂಚಲಿನಂಥದು ಒಂದು, ಅಂಗಿಯ ಗುಂಡಿಗಳನ್ನು ಚೆಲ್ಲಿದಂಥದು ಒಂದು, ಚರ್ಮದ ಅಣಬೆಯಂಥದು ಒಂದು. ಅವುಗಳ ಜೊತೆ ಅಂಗಡಿಯವನು ಎರಡು ಅಲೆ ಪಂಪುಗಳನ್ನೂ ತಂದಿದ್ದ. ತೊಟ್ಟಿಯ ಒಳಗೆ ಗಾಜಿಗೆ ಅಯಸ್ಕಾಂತದಿಂದ ಅಂಟಿಕೊಂಡು ನೀರನ್ನು ಆ ಕಡೆ ಈ ಕಡೆ ನೂಕುವಂಥವು. ದೊಡ್ಡಮ್ಮ ಪೆಟ್ಟಿಗೆ ತೆರೆದೂ ನೋಡಲಿಲ್ಲ.

"ನನ್ನ ನೀರು ಎಡದಿಂದ ಬರತ್ತೆ, ಬಲಕ್ಕೆ ಹೋಗತ್ತೆ. ಅದನ್ನ ಯಾರೂ ನೂಕಾಡಬೇಕಾಗಿಲ್ಲ."

"ಸಮುದ್ರದಲ್ಲಿ ನೀರು ಒಂದೇ ಕಡೆ ಹೋಗಲ್ಲ ಮೇಡಂ."

"ಸಮುದ್ರದಲ್ಲಿ ಹಡಗೂ ಮುಳುಗತ್ತೆ. ಅದನ್ನೂ ತಂದಿದೀಯಾ?"

ಅವನು ಪೆಟ್ಟಿಗೆಯನ್ನು ಕಪಾಟಿನ ಮೇಲಿಟ್ಟು ಹೋದ.

ಮೊದಮೊದಲು ಎಲ್ಲ ಚೆನ್ನಾಗಿತ್ತು. ನೀರು ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ಎಡದಿಂದ ಬಲಕ್ಕೆ ಹೋಗುತ್ತಿತ್ತು. ನಾನು ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಬರುವಾಗ ಅವಳು ಪೈಪಿನ ಮೇಲೆ ಅಂಗೈಯಿಟ್ಟು ಕೂತಿರುತ್ತಿದ್ದಳು. ರೋಗಿಯ ತೋಳಿನ ಮೇಲೂ ಹೀಗೇ ಕೈಯಿಟ್ಟು ಒಳಗಿನ ಮಿಡಿತ ನೋಡುತ್ತಿದ್ದೆ ಎಂದಳು ಒಮ್ಮೆ. ನೋಡಲು ಬಂದವರೆಲ್ಲ ಹೊಗಳಿದರು. ಹೊಗಳಿದವರನ್ನು ಅವಳು ಬೈದಳು, ಏನು ನೋಡಿ ಹೊಗಳುತ್ತಿದ್ದೀರಿ ಎಂದು ಕೇಳಿ.

ಆಮೇಲೆ ಹವಳಗಳು ಮುದುಡತೊಡಗಿದವು. ಮೊದಲು ಗುಂಡಿಗಳು ಬಾಯಿ ಮುಚ್ಚಿದವು. ಬೆರಳುಗಳ ಗೊಂಚಲು ನೀರು ಬರುವ ಕಡೆಗೆ ಮಾತ್ರ ಬಿಚ್ಚಿಕೊಂಡು, ಹಿಂದೆ ಬೋಳಾಯಿತು. ಕಲ್ಲುಗಳ ಬೆನ್ನಿಗೆ ಕಂದು ಪಾಚಿ, ಸಂದಿಗೊಂದಿಯಲ್ಲಿ ಕಸದ ಗುಪ್ಪೆ. ದೊಡ್ಡಮ್ಮ ನೀರು ಪರೀಕ್ಷೆ ಮಾಡಿದಳು. ಉಪ್ಪು ಸರಿ, ಶಾಖ ಸರಿ, ಎಲ್ಲ ಸರಿ. ಹಾಗಾದರೆ ತಪ್ಪು ಬೇರೆಯವರದು. ಹವಳವೇ ರೋಗದ್ದು ಎಂದು ಅಂಗಡಿಯವನಿಗೆ ಬೈದಳು. ಬಾಗಿಲಲ್ಲಿ ನಿಂತು ಸಿಗರೇಟು ಸೇದುತ್ತಾನೆ ಎಂದು ಅಪ್ಪನಿಗೆ ಬೈದಳು. ನೆಲ ಒರೆಸುವ ದ್ರಾವಣದ ವಾಸನೆಗೆ ಅಮ್ಮನನ್ನೂ ಬಿಡಲಿಲ್ಲ. ಅಂಗಡಿಯವನು ಬಂದು ನೋಡಿ, "ಅಲೆ ಪಂಪು..." ಎಂದು ಬಾಯಿ ತೆರೆದ.

"ನಿನ್ನ ಪಂಪು ಮಾರಾಟ ಆಗಬೇಕು ಅಂತ ನನ್ನ ನೀರಿಗೆ ಕಾಯಿಲೆ ಹಚ್ಚಬೇಡ" ಎಂದಳು. ಅವನು ಚಪ್ಪಲಿ ಮೆಟ್ಟಿಕೊಂಡ.

ಚರ್ಮದ ಅಣಬೆ ಸತ್ತೇಹೋಯಿತು. ಲೋಳೆಯಾಗಿ, ನಾರುತ್ತಾ, ಕಲ್ಲಿನಿಂದ ಜಾರಿಬಿತ್ತು. ದೊಡ್ಡಮ್ಮ ಕೈಗವಸು ಹಾಕಿ ಅದನ್ನು ತೆಗೆದು, ಎರಡು ಚೀಲದಲ್ಲಿ ಕಟ್ಟಿ, ಬಹಳ ಹೊತ್ತು ಕೈ ತೊಳೆದಳು. ಅವತ್ತಿನಿಂದ ಬೈಯುವುದು ನಿಂತಿತು. ಅದು ನಮಗೆಲ್ಲ ದಿಗಿಲು ಹುಟ್ಟಿಸಿತು. ಅಮ್ಮ ಕಳಿಸಿದ ಊಟದ ಡಬ್ಬಿ ಅರ್ಧ ತುಂಬಿಯೇ ವಾಪಸು ಬರುತ್ತಿತ್ತು.

"ಆ ಎರಡು ಪಂಪು ಹಾಕಿ ನೋಡಬಾರದಾ ದೊಡ್ಡಮ್ಮ?" ಎಂದು ನಾನೇ ಕೇಳಿದೆ.

ಅವಳು ತೊಟ್ಟಿ ನೋಡುತ್ತಲೇ ಹೇಳಿದಳು: "ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರು ನಿದ್ದೆಯಲ್ಲಿ ತೋಳು ಎಳೆದುಕೊಂಡ್ರು. ಕೊಳವೆ ಮಡಿಸ್ಕೊಂಡು ಹರಿವು ಜಗ್ಗಾಡ್ತು. ಒಂದು ನಿಮಿಷಾನೂ ಇಲ್ಲ ಅಷ್ಟರಲ್ಲಿ ಆ ಮನುಷ್ಯನ ಮುಖ ಏನಾಯ್ತು ಅಂತ ನಾನು ನೋಡಿದೀನಿ. ಉಳ್ಕೊಂಡ್ರು. ಆದ್ರೆ ನೀರು ಜಗ್ಗಾಡೋದನ್ನ ನೋಡಕ್ಕೆ ನನ್ನ ಕೈಲಾಗಲ್ಲ. ಹೋಗು, ನಿಮ್ಮಪ್ಪನಿಗೆ ಇದನ್ನೆಲ್ಲ ಹೇಳಬೇಡ."

ನಾನು ಹೇಳಲಿಲ್ಲ. ಆದರೆ ಅಪ್ಪನಿಗೆ ಹೇಳಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ಕೈ ತುರಿಕೆಯೊಂದೇ ಅವನಿಗೆ ಸಾಕಾದ ಕಾರಣ. ದೊಡ್ಡಮ್ಮ ಹಲ್ಲು ನೋವಿಗೆಂದು ದಂತವೈದ್ಯರ ಬಳಿ ಹೋದ ಮಧ್ಯಾಹ್ನ ಅಮ್ಮನ ಹತ್ತಿರವಿದ್ದ ಬೀಗದ ಕೈ ತೆಗೆದುಕೊಂಡು ಅವನು ಕೆಳಗಿಳಿದ. ಕಪಾಟಿನ ಮೇಲಿನ ಪೆಟ್ಟಿಗೆ ತೆಗೆದ. ಒಳಗಿದ್ದ ಸೂಚನೆಯ ಕಾಗದವನ್ನು ಓದಲಿಲ್ಲ, ಅದನ್ನು ಓದುವುದು ಅವನಿಗೆ ಅವಮಾನ. ಎರಡರಲ್ಲಿ ಒಂದು ಪಂಪನ್ನು ಎತ್ತಿಕೊಂಡು, ಅದರ ಬಾಯಿ ಯಾವುದು, ಬೆನ್ನು ಯಾವುದು ಎಂದು ತಿಳಿಯದೆ, ಮೊದಲು ಪ್ಲಗ್ಗು ಚುಚ್ಚಿ ಆಮೇಲೆ ನೀರಿಗಿಳಿಸಿದ. ಅದು ಕೈಯಿಂದ ಜಾರಿ ಮರಳಿಗೆ ಮೂತಿಯಿಟ್ಟಿತು. ಅರೆಗಳಿಗೆಯಲ್ಲಿ ತೊಟ್ಟಿ ಹಿಟ್ಟಿನ ಗಿರಣಿಯಾಯಿತು. ಅಂಗಿಯ ತೋಳು ಮಡಚದೆ ಭುಜದವರೆಗೂ ಕೈ ಹಾಕಿ, ತಡಕಾಡಿ ಹಿಡಿದು, ಸಿಕ್ಕ ಕಡೆ ಅಂಟಿಸಿ, ಬಾಗಿಲು ಹಾಕಿಕೊಂಡು ಮೇಲೆ ಬಂದ. ತೋಳಿನಿಂದ ಉಪ್ಪುನೀರು ತೊಟ್ಟಿಕ್ಕುತ್ತಿದ್ದರೂ, ಸ್ನಾನಕ್ಕೆ ಹೋಗಿದ್ದೆ ಎಂದು ಅಮ್ಮನಿಗೆ ಹೇಳಿದ.

ದೊಡ್ಡಮ್ಮ ಬರುವಾಗ ನಾನೂ ಜೊತೆಗಿದ್ದೆ. ಹಾಲಿನ ಹಾಗೆ ಬೆಳ್ಳಗಾದ ತೊಟ್ಟಿಯೊಳಗೆ ಮೀನು ಯಾವುದು, ಕಲ್ಲು ಯಾವುದು ಕಾಣಿಸುತ್ತಿರಲಿಲ್ಲ. ದಂತವೈದ್ಯರ ಇಂಜೆಕ್ಷನ್ನಿಗೆ ಮರಗಟ್ಟಿದ್ದ ಅರ್ಧ ಬಾಯಿಯಲ್ಲಿ ಅವಳಿಗೆ ಸರಿಯಾಗಿ ಬೈಯಲೂ ಆಗಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು, "ಕರಿ ನಿಮ್ಮಪ್ಪನ್ನ" ಎಂದಳು ತೊದಲುತ್ತಾ. ಅಪ್ಪ ಬೇರೆ ಅಂಗಿ ಹಾಕಿಕೊಂಡು ಬಂದ.

"ಸಹಾಯ ಆಗಲಿ ಅಂತ ಅತ್ತಿಗೆ..."

"ನಿಮ್ಮ ಸಹಾಯ ಬೇಕಾದಾಗ ಶತ್ರುಗಳ ಮನೆ ವಿಳಾಸ ಕೊಡ್ತೀನಿ. ಅಲ್ಲಿ ಮಾಡಿ."

ಅವಳು ಪಂಪು ತೆಗೆಯಲು ಹೋದಳು, ಆದರೆ ಅದೆಲ್ಲಿದೆ ಎಂದೇ ಆ ಬಿಳುಪಿನಲ್ಲಿ ಕಾಣಲಿಲ್ಲ. ಪ್ಲಗ್ಗು ಕಿತ್ತರೆ ಎದ್ದಿರುವ ಮರಳೆಲ್ಲ ಹವಳದ ಮೇಲೇ ಕೂರುತ್ತದೆ, ಓಡುತ್ತಿದ್ದರೆ ಸ್ವಲ್ಪವಾದರೂ ಕೆಳಗಿನ ಸೋಸುಬಟ್ಟೆಗೆ ಹೋಗುತ್ತದೆ ಎಂದು ಹಾಗೇ ಬಿಟ್ಟಳು.

ಮಾರನೆಯ ದಿನ ಕೆಲಸದಿಂದ ಬಂದು ನೋಡಿದರೆ ಅವಳು ಕುರ್ಚಿಯನ್ನು ತೊಟ್ಟಿಗೆ ಮೂಗು ತಾಗುವಷ್ಟು ಹತ್ತಿರ ಎಳೆದುಕೊಂಡು ಕೂತಿದ್ದಳು. ನೀರು ತಿಳಿಯಾಗಿತ್ತು. ಕಲ್ಲುಗಳ ಹಿಂದಿನ ಕಸದ ಗುಪ್ಪೆ ಇರಲಿಲ್ಲ. ಅದೆಲ್ಲ ಸೋಸುಬಟ್ಟೆಯಲ್ಲಿ ಕೆಸರಾಗಿ ಕೂತಿತ್ತು. ಗುಂಡಿಗಳಲ್ಲಿ ಅರ್ಧಕ್ಕರ್ಧ ಅರಳಿದ್ದವು. ಬೆರಳುಗಳು ಹಿಂದೆ ಮುಂದೆ, ಆ ಕಡೆ ಈ ಕಡೆ ತೂಗುತ್ತಿದ್ದವು, ಯಾವುದೂ ಇನ್ನೊಂದರ ಹಾಗಲ್ಲ.

"ನೋಡು" ಎಂದು ಅವಳು ಚಿಟಿಕೆ ಮೀನಿನ ಆಹಾರದ ಪುಡಿಯನ್ನು ನೀರಿಗೆ ಉದುರಿಸಿದಳು. ಪುಡಿ ಪಂಪಿನಿಂದ ಹೊರಟು ನೇರ ಪಕ್ಕದ ಗಾಜಿಗೆ ಹೋಗಿ ಬಡಿಯಿತು. ಅಪ್ಪ ಪಂಪನ್ನು ಉಲ್ಟಾ ಅಂಟಿಸಿದ್ದ. ತೊಟ್ಟಿಯ ನಡುವಿಗೆ ತಿರುಗಬೇಕಾದ ಬಾಯಿ ಗಾಜಿನ ಕಡೆಗಿತ್ತು. ಗಾಜಿಗೆ ಬಡಿದ ನೀರು ಚೂರುಚೂರಾಗಿ, ಕೆಲವು ಕಲ್ಲಿನ ಕೆಳಗೆ ನುಸುಳಿ, ಕೆಲವು ಮೇಲೆ ಹಾರಿ, ಕೆಲವು ಸುತ್ತಿಕೊಂಡು ಹಿಂದಿನಿಂದ ಬಂದವು. ಪುಡಿ ಹೋಗದ ಸಂದಿ ಒಂದೂ ಇರಲಿಲ್ಲ.

"ನೇರ ಇಟ್ಟಿದ್ರೆ ಹವಳದ ಚರ್ಮ ಸುಲಿದುಹೋಗ್ತಿತ್ತು" ಎಂದಳು. "ನನ್ನ ಹಾಗೆ ಇಟ್ರೆ ಹಿಂದೆ ಕೊಳೀತಿತ್ತು. ಇದು ರಕ್ತ ಅಲ್ಲ. ಇದಕ್ಕೆ ಬೇಕಾಗಿರೋದು ಈ ರಾದ್ಧಾಂತ." ಆಮೇಲೆ ಬಾಯಿಗೆ ಕಹಿ ಬಂದವಳ ಹಾಗೆ ಹೇಳಿದಳು: "ಇಷ್ಟು ವರ್ಷ ಕೊಳವೆ ನೋಡಿದ ಕಣ್ಣು ನಂದು. ಕುರುಡಿ."

ಇಂಥ ಮಾತನ್ನು ಅವಳು ತನ್ನ ಬಗ್ಗೆ ಆಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಸಮಾಧಾನ ಹೇಳಲು ಹೋದೆ. "ನೀನು ಕನ್ನಡಕ ಮಾರು, ಹೋಗು" ಎಂದಳು.

ಅಪ್ಪನಿಗೆ ಸುದ್ದಿ ಮುಟ್ಟದಿರಲಿ ಎಂದು ಅವಳು ಎಷ್ಟು ಬಯಸಿದರೂ, ಹವಳಗಳು ಅರಳಿದ್ದನ್ನು ಮುಚ್ಚಿಡಲು ಬರುವುದಿಲ್ಲ. ಅವನು ಇಳಿದು ಬಂದು, ಬೆನ್ನ ಹಿಂದೆ ಕೈಕಟ್ಟಿ, ತಾನೇ ಸಮುದ್ರ ತೋಡಿಸಿದವನ ಗತ್ತಿನಲ್ಲಿ ನಿಂತ.

"ಏನೇ ಹೇಳಿ ಅತ್ತಿಗೆ, ನಾನು ಆವತ್ತು ಹಾಕಿದ್ದಕ್ಕೆ..."

"ನೀವು ತಪ್ಪನ್ನೂ ಸರಿಯಾಗಿ ಮಾಡಲಿಲ್ಲ. ಪಂಪು ಉಲ್ಟಾ ಇತ್ತು."

"ಬೇಕಂತಲೇ ಉಲ್ಟಾ ಇಟ್ಟಿದ್ದು."

"ಮಿಕ್ಸಿನೂ ಬೇಕಂತಲೇನಾ?"

ಅಮ್ಮ ಮೆಟ್ಟಿಲ ಮೇಲೆ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಪ್ಪನಿಗೆ ನಾಚಿಕೆಯೇನೂ ಆಗಲಿಲ್ಲ. ಅವನಿಗೆ ಆ ಸೌಕರ್ಯ ಹುಟ್ಟಿನಿಂದಲೇ ಇಲ್ಲ. ಅವತ್ತಿನಿಂದ ಅವನು ಬೀದಿಯಲ್ಲಿ ಸಿಕ್ಕವರಿಗೆಲ್ಲ ನೀರಿನ ಹರಿವಿನ ಬಗ್ಗೆ ಪಾಠ ಹೇಳತೊಡಗಿದ. ಪ್ಲಂಬರ್ ಗೌರವದಿಂದ ಕೇಳಿಸಿಕೊಳ್ಳುತ್ತಾನೆ. ಇಬ್ಬರಿಗೂ ಒಳ್ಳೆಯ ಸ್ನೇಹವಾಗಿದೆ. ಏನೂ ಆಗಲ್ಲ ಎಂಬ ವಿಷಯದಲ್ಲಿ ಅವರದು ಒಂದೇ ಮತ.

ದೊಡ್ಡಮ್ಮ ಅಂಗಡಿಯವನನ್ನು ಕರೆಸಿ, ಸತ್ತ ಅಣಬೆಯ ಜಾಗಕ್ಕೆ ಇನ್ನೊಂದನ್ನು ತರಿಸಿದಳು. ಕ್ಷಮೆ ಕೇಳಲಿಲ್ಲ. "ನೀನು ಹೇಳಿದ್ದು ಸರಿ, ಆದರೆ ಹೇಳಿದ ರೀತಿ ಸರಿಯಿಲ್ಲ. ಮಾರೋನ ಹಾಗೆ ಹೇಳಿದೆ, ಅದಕ್ಕೇ ನಂಬಲಿಲ್ಲ" ಎಂದಳು. ಅವನು ಅದನ್ನೇ ಸನ್ಮಾನ ಎಂದುಕೊಂಡು, ದೊಡ್ಡ ತೊಟ್ಟಿ ಕೊಳ್ಳಬೇಕೆಂದು ಬರುವ ಗಿರಾಕಿಗಳನ್ನು ಅವಳ ಮನೆಗೆ ಕರೆತರಲು ಶುರುಮಾಡಿದ. ಅವಳು ಬಾಗಿಲು ತೆಗೆಯುತ್ತಾಳೆ, ಬೀರು ತೆರೆದು ಪೈಪುಗಳನ್ನು ತೋರಿಸುತ್ತಾಳೆ, ಎರಡು ಪ್ರಶ್ನೆ ಕೇಳುತ್ತಾಳೆ, ಆಮೇಲೆ "ನಿಮ್ಮ ಕೈಲಾಗಲ್ಲ, ಗಡಿಯಾರ ಕೊಂಡ್ಕೊಳ್ಳಿ" ಎನ್ನುತ್ತಾಳೆ. ವಿಚಿತ್ರವೆಂದರೆ ಬೈಸಿಕೊಂಡು ಹೋದವರೇ ಹೆಚ್ಚಾಗಿ ಕೊಳ್ಳುತ್ತಾರಂತೆ. ಕೊಂಡ ಮೇಲೆ ಫೋನು ಮಾಡಿ ಮತ್ತೆ ಬೈಸಿಕೊಳ್ಳುತ್ತಾರೆ.

ಹೋದ ವಾರ ಅವಳು ಎರಡನೆಯ ಪಂಪನ್ನೂ ಇಳಿಸಲು ಹೊರಟಳು. ಎರಡೂ ಒಂದಾದ ಮೇಲೆ ಒಂದು ಓಡುವಂತೆ ಟೈಮರು ಕೂರಿಸಿದಳು. ಹೊಸ ಪಂಪನ್ನು ಎಲ್ಲಿಡಬೇಕು ಎಂದು ಯೋಚಿಸುತ್ತಿರುವಾಗ ಅಪ್ಪ ಹಾಜರಾದ.

"ಆ ಮೂಲೆಗೆ ಇಡಿ ಅತ್ತಿಗೆ, ಕೆಳಗೆ, ಮುಖ ಗಾಜಿನ ಕಡೆ."

ದೊಡ್ಡಮ್ಮ ಅದನ್ನು ಎದುರು ಮೂಲೆಗೆ, ಮೇಲಕ್ಕೆ ಅಂಟಿಸಿದಳು. ಪುಡಿ ಉದುರಿಸಿ ನೋಡಿದಳು. ಬೆರಳುಗಳ ಗೊಂಚಲು ಗಾಳಿಗೆ ಸಿಕ್ಕ ಛತ್ರಿಯ ಹಾಗೆ ಒಂದೇ ಕಡೆ ಮಲಗಿತು. ಅವಳು ತೋಳು ಮಡಚಿ, ಪಂಪು ಕಿತ್ತು, ಗಾಜಿನ ಮೇಲೆ ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಅಪ್ಪ ತೋರಿಸಿದ ಮೂಲೆಯವರೆಗೂ ಬಂದಳು. ಅಪ್ಪನ ಮುಖ ಅರಳತೊಡಗಿತ್ತು. ಅವಳು ಅವನತ್ತ ಒಮ್ಮೆ ನೋಡಿ, ಅಲ್ಲಿಂದ ನಾಲ್ಕು ಬೆರಳು ಈಚೆಗೆ ಎಳೆದು, ಅಲ್ಲಿ ಅಂಟಿಸಿದಳು. ನೀರು ಎಲ್ಲ ಕಡೆಯೂ ಚೆನ್ನಾಗಿಯೇ ಹರಿಯಿತು.